ನಾಲ್ಕು ತುಂಡಿನ ರೊಟ್ಟಿ

ಹೈದರಾಬಾದಿನ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿಗೆ ತಾಂಡೂರಿನ ಬಸ್ಸು ಬಂದು ನಿಂತರೆ ನಮ್ಮ ನೀಲಮ್ಮತ್ತೆ ಎಲ್ಲರಿಗಿಂತ ಕಡೆಗೆ ಇಳಿಯುತ್ತಿದ್ದಳು. ಮೊದಲು ರೊಟ್ಟಿಯ ಗಂಟು, ಆಮೇಲೆ ಕೋಲು, ಆಮೇಲೆ ಅವಳ ಬಲಗೈ ಬಂದು ಬಾಗಿಲ ಸರಳನ್ನು ಹಿಡಿಯಬೇಕು. ಅಷ್ಟರಲ್ಲಿ ಕೆಳಗೆ ಹತ್ತುವವರು ಗಿಜಿಗುಡುತ್ತ, ಜಲ್ದಿ ಜಲ್ದಿ ಎಂದು ಹಿಂದಿಯಲ್ಲೂ ತೆಲುಗಿನಲ್ಲೂ ಕೂಗುತ್ತಿದ್ದರು. ಅತ್ತೆ ಮೆಟ್ಟಿಲ ಮೇಲೇ ನಿಂತು ಒಂದಿಷ್ಟು ಉಸಿರು ತೆಗೆದುಕೊಂಡು ಅವರಿಗೆಲ್ಲ ಕನ್ನಡದಲ್ಲೇ ಸಮಾಧಾನ ಹೇಳುವಳು: “ತಡೀರೆಪ್ಪಾ, ನಾ ಒಬ್ಬಾಕಿ ಇಳದರ ನಾಕು ಮಂದೀಗೆ ಜಾಗಾ ಆಕ್ಕೈತಿ.”

ಅವಳು ನನ್ನ ತಂದೆಯ ತಂಗಿ. ಊರು ತಾಂಡೂರಿನಾಚೆ, ಗಡಿಗೆ ಹತ್ತಿಕೊಂಡದ್ದು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತೆಲುಗು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ, ತವರಿಗೇ ಬಂದು ಉಳಿದಳು. ಆದರೆ ಮನೆ ಬಸ್ ನಿಲ್ಲುವ ಜಾಗದ ಎದುರಿಗೇ ಇದ್ದುದರಿಂದ ಅವಳನ್ನು ಒಂಟಿ ಹೆಂಗಸೆಂದು ಯಾರೂ ಅಂದುಕೊಂಡಿರಲಿಲ್ಲ. ಬಸ್ಸು ತಿರುಗಿ ನಿಂತಾಗ ಇಳಿದ ಕಂಡಕ್ಟರ್, ಸಾಲಿಯ ಟೀಚರಬಾಯಿ, ಬಸ್ಸು ತಪ್ಪಿಸಿಕೊಂಡ ಯಾರೋ ಗುರುತಿಲ್ಲದ ಮುದುಕ, ಯಾರು ಬಂದರೂ ಆ ಮನೆಯಲ್ಲಿ ತಾಟು ಹಾಕುತ್ತಿದ್ದರು. ಬಂದವರನ್ನು ಒಬ್ಬರನ್ನೇ ಉಣ್ಣಲು ಬಿಡಬಾರದು, ಮನೆಯವರೊಬ್ಬರು ಜೊತೆಗೆ ಕೂತು ಉಣ್ಣಬೇಕು ಎನ್ನುವುದು ನಮ್ಮ ಅಜ್ಜಿ ಹಾಕಿಕೊಟ್ಟ ರೂಢಿ. ಅಜ್ಜಿಯ ಕಾಲಕ್ಕೆ ಮನೆತುಂಬ ಮಂದಿ, ಒಬ್ಬರಲ್ಲ ಒಬ್ಬರು ಕೂಡುತ್ತಿದ್ದರು. ಅತ್ತೆಯ ಕಾಲಕ್ಕೆ ಅವಳೊಬ್ಬಳೇ ಉಳಿದಳು. ಹಾಗಾಗಿ ಕಂಡಕ್ಟರನ ಸಂಗಾಟ ಒಂದು ಊಟ, ಟೀಚರಬಾಯಿಯ ಸಂಗಾಟ ಇನ್ನೊಂದು, ಮುದುಕನ ಸಂಗಾಟ ಮತ್ತೊಂದು.

ಹೊಲಕ್ಕೆ ಹೋಗುವಷ್ಟು ದಿನ ಅದೆಲ್ಲ ಕರಗುತ್ತಿತ್ತು. ಮೊಣಕಾಲು ಹಿಡಿದ ಮೇಲೆ ಹೊಲ ಬಿಟ್ಟಳು, ಜೋಳ ತುಟ್ಟಿಯಾಗಿ ರೇಷನ್ ಅಕ್ಕಿ ಒಲೆ ಏರಿತು, ಚಹಾಕ್ಕೆ ಸಕ್ಕರೆ ಹೆಚ್ಚಿತು. ಊರಲ್ಲಿ ಅವಳೊಬ್ಬಳೇ ಹಾಗಾದದ್ದಲ್ಲ. ಕಟ್ಟೆಯ ಮೇಲೆ ಕೂತ ಅವಳ ವಾರಗೆಯ ಹೆಂಗಸರಲ್ಲಿ ಕೈಯೂರದೆ ಎದ್ದವರನ್ನು ನಾನು ಕಾಣೆ. ಮೈ ತುಂಬಿದೆ, ಸುಖವಾಗಿದ್ದಾಳೆ ಎಂದು ಮೊದಮೊದಲು ಎಲ್ಲರೂ ಮೆಚ್ಚಿಕೊಂಡರು. ಮೆಚ್ಚುವುದು ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ.

ಊರ ಆರೋಗ್ಯ ಕೇಂದ್ರದಲ್ಲಿ ತೂಕವೆಂದರೆ ಕೂಸಿನದು, ಬಸುರಿಯದು. ಅತ್ತೆ ಹತ್ತಿ ನಿಂತರೆ ಮುಳ್ಳು ಕಡೆಯ ಅಂಕಿ ದಾಟಿ ಅಲ್ಲೇ ಸಿಕ್ಕಿಕೊಂಡಿತಂತೆ. ಬಿ.ಪಿ. ನೋಡುವ ಪಟ್ಟಿ ತೋಳನ್ನು ಸುತ್ತಲಿಲ್ಲ. ಪಟ್ಟಣಕ್ಕೆ ಹೋಗಬೇಕು, ಹೋಗುವ ಮುಂಚೆ ತೂಕ ಬೇಕೆಂದಾಗ, ಸೇಠನ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ಕಾಂಟಾದ ಮೇಲೆ ಅವಳನ್ನು ನಿಲ್ಲಿಸಿದರು. ಹಮಾಲರು ಮುಖ ತಿರುಗಿಸಿ ನಿಂತರು. ಅತ್ತೆ ಮಾತ್ರ ಸೇಠನನ್ನು ದಬಾಯಿಸಿದಳು: “ಗೋಣಿಚೀಲಕ್ಕಂತ ಒಂದು ಕಿಲೋ ಕಳೀತೀರಲ್ಲರಿ, ನನ್ನ ಸೀರೀದು ಯಾಕ ಕಳ್ಯಾಂಗಿಲ್ಲ?” ಇದನ್ನು ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಸೆರಗಿನ ಅಂಚನ್ನು ತೀಡಿ ತೀಡಿ ಸರಿಮಾಡಿಕೊಂಡಳು.

ಹೈದರಾಬಾದಿನ ಡಾಕ್ಟರರ ಹತ್ತಿರ ಅಗಲದ ಪಟ್ಟಿಯಿತ್ತು. ಅದು ತೋಳನ್ನು ಬಳಸಿ ಬಂದು ಕೂತಾಗ ಅತ್ತೆ ಹೊಸ ಕುಪ್ಪಸ ನೋಡಿದಂತೆ ನೋಡಿಕೊಂಡು ನನ್ನ ಕಡೆ ತಿರುಗಿದಳು. “ನಮ್ಮ ಅಳತೀದೂ ಹೊಲೀತಾರಲ್ಲೋ ಈ ಊರಾಗ!” ಬಿ.ಪಿ. ಇತ್ತು, ಸಕ್ಕರೆ ಇತ್ತು, ಗುಂಡಿಗೆ ದಣಿದಿತ್ತು. ತೂಕ ಇಳಿಯದಿದ್ದರೆ ಕಷ್ಟ ಎಂದರು ಡಾಕ್ಟರು. ತಿನ್ನುವುದು ಕಡಿಮೆ ಮಾಡಬೇಕು, ನಡೆಯಬೇಕು, ಸಕ್ಕರೆಯ ಗುಳಿಗೆ ನುಂಗಿದ ಮೇಲೆ ಹೊಟ್ಟೆ ಖಾಲಿ ಬಿಡಬಾರದು. ಅವರ ಇಂಗ್ಲಿಷು ಬೆರೆತ ತೆಲುಗನ್ನು ನಾನು ಎರಡೆರಡು ಸಲ ಕನ್ನಡ ಮಾಡಿ ಹೇಳಿದೆ. ಅಂದಿನಿಂದ ತಿಂಗಳಿಗೊಮ್ಮೆ ಅವಳು ಬರುವುದು, ನಾನು ಬಸ್‌ಸ್ಟ್ಯಾಂಡಿಗೆ ಹೋಗುವುದು, ದವಾಖಾನೆಯಿಂದ ನನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ಕೂಡಿ ಉಣ್ಣುವುದು ನಡೆಯಿತು. ನಾನೂ ಒಂಟಿಯೇ. ತಿಂಗಳಲ್ಲಿ ಆ ಒಂದು ದಿನ ನನ್ನ ಮನೆಯಲ್ಲಿ ಎರಡು ತಾಟು ತೊಳೆಯಲು ಬೀಳುತ್ತಿದ್ದವು.

ನಡೆಯುವುದು ಸುಲಭವಿರಲಿಲ್ಲ. ನಮ್ಮೂರಲ್ಲಿ ಹೆಂಗಸು ಸುಮ್ಮನೆ ನಡೆಯುವುದುಂಟೇ? ಎಲ್ಲಿಗೆ ಹೊಂಟಿ, ಯಾಕ ಹೊಂಟಿ ಎಂದು ಮನೆಮನೆಗೂ ಉತ್ತರ ಕೊಡಬೇಕು. ಅದಕ್ಕೆ ಅತ್ತೆ ಕಂಕುಳಲ್ಲಿ ಒಂದು ಖಾಲಿ ಕೊಡ ಇಟ್ಟುಕೊಂಡು ಹೊರಟಳು, ನೀರಿಗೆ ಹೋದಂತಾಯಿತೆಂದು. ಬೆಳಿಗ್ಗೆಯೇ ಖಾಲಿ ಕೊಡ ಎದುರಾಯಿತೆಂದು ವ್ಯಾಪಾರಕ್ಕೆ ಹೊರಟವರು ಗಾಡಿ ತಿರುಗಿಸಿದರು, ಮಾತಾಯಿತು. ಮರುದಿನದಿಂದ ಕೊಡದ ತಳಕ್ಕೆ ಒಂದಿಷ್ಟು ನೀರು ಹಾಕಿಕೊಂಡು ನಡೆದಳು. “ದಮ್ಮು ಹತ್ತಿದಾಗ ಕುಡ್ಯಾಕೂ ಆತು,” ಅಂದಳು.

ಉಣ್ಣುವುದನ್ನು ಬಿಡುವುದು ಅದಕ್ಕಿಂತ ಕಷ್ಟವಾಯಿತು. ಬಂದವರಿಗೆ ಬಡಿಸಿ ತಾನು ಗೋಡೆಗೆ ಒರಗಿ ಕೂರತೊಡಗಿದಳು. ಅವಳು ನೋಡುತ್ತ ಕೂತಿರಲು ಯಾರಿಗೆ ತುತ್ತು ಇಳಿದೀತು? ನೀಲಮ್ಮಕ್ಕನಿಗೆ ಆಸೆ ಹುಟ್ಟಿಸಬಾರದೆಂದು ಒಬ್ಬರಿಗೊಬ್ಬರು ಹೇಳಿಕೊಂಡು, ಪ್ರೀತಿಯಿಂದಲೇ, ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕಂಡಕ್ಟರ್ ಮನೆಯಿಂದ ಡಬ್ಬಿ ತಂದು ಬಸ್ಸಿನಲ್ಲೇ ಬಿಚ್ಚತೊಡಗಿದ. ಅತ್ತೆಯ ತೂಕ ಇಳಿಯಿತು. ಡಾಕ್ಟರು ಬೆನ್ನು ತಟ್ಟಿದರು.

ಆಮೇಲೆ ಅವಳೇ ಒಂದು ಉಪಾಯ ಹುಡುಕಿದಳು. ಬೆಳಿಗ್ಗೆ ಒಂದು ಜೋಳದ ರೊಟ್ಟಿ ಬಡಿದು ನಾಲ್ಕು ತುಂಡು ಮಾಡಿ ಇಡುವುದು. ಬಂದವರೊಬ್ಬರಿಗೆ ಒಂದು ತುಂಡಿನಂತೆ ಅವರ ಸಂಗಾಟ ತಾನು ತಿನ್ನುವುದು. ನಾಲ್ಕು ಮಂದಿಯ ಜೊತೆ ಉಂಡಂತೆಯೂ ಆಯಿತು, ಒಂದೇ ರೊಟ್ಟಿಯೂ ಆಯಿತು. ಆದರೆ ಆ ಹೊತ್ತಿಗೆ ಬರುವವರ ಕಾಲು ಬೇರೆ ದಾರಿಗೆ ರೂಢಿಯಾಗಿತ್ತು. ಕರೆಯಲು ಇವಳಿಗೆ ನಾಚಿಕೆ.

ಕಡೆಯ ಸಲ ಬಂದಾಗ ಗಂಟಿನಲ್ಲಿ ನನಗೆ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಎಂದಿನಂತೆ ಇದ್ದವು. ಪಕ್ಕದಲ್ಲಿ ಹಿಂದಿನ ದಿನದ ತುಂಡುಗಳು ಒಣಗಿದ್ದವು.

“ನಿನ್ನೆ ಉಣ್ಣಲೇ ಇಲ್ಲೇನತ್ತಿ?” ಎಂದೆ.

“ಯಾರೂ ಬರಲಿಲ್ಲ. ಸಂಜೀಕ ಒಂದೀಟು ಗಂಜಿ ಕುಡದೆ.”

“ಗುಳಿಗಿ ತಗೊಂಡು ಹಂಗ ಇರಬಾರದು. ಒಬ್ಬಾಕೀನ ಕುಂತು ಉಣ್ಣಬೇಕತ್ತಿ.”

“ಒಬ್ಬಾಕಿ ಹೆಂಗ ಉಣ್ಣಲೋ ತಮ್ಮಾ? ಗಂಟಲದಾಗ ನಿಂದರತೈತಿ.” ತುಂಡುಗಳನ್ನು ತಾಟಿನ ಅಂಚಿಗೆ ಸಾಲಾಗಿಟ್ಟಳು. “ಇವತ್ತ ನೀನ ಎಲ್ಲಾರೂ ಆಗು.”

ಮೊದಲನೆಯದು ಕಂಡಕ್ಟರನ ಸಂಗಾಟದ್ದು. ಟಿಕೆಟ್ ತಗೊಂಡಿಯೇನಕ್ಕಾ ಎಂದು ನಾನು ಕೇಳಿದೆ, ನಕ್ಕು ಕಡಿದಳು. ಎರಡನೆಯದಕ್ಕೆ ನಾನು ಟೀಚರಬಾಯಿಯಾಗಿ ಬೆನ್ನು ನೆಟ್ಟಗೆ ಮಾಡಿದೆ. ಮೂರನೆಯದಕ್ಕೆ ಗುರುತಿಲ್ಲದ ಮುದುಕನಾಗಿ ಕೆಮ್ಮಿದೆ. ನಾಲ್ಕನೆಯದು ಕೈಗೆ ತೆಗೆದುಕೊಂಡು, “ಇದು ನಿನ್ನ ಜೋಡಿ,” ಎಂದು ಎಲ್ಲಕ್ಕಿಂತ ನಿಧಾನವಾಗಿ ತಿಂದಳು.

ಮುಂದಿನ ತಿಂಗಳ ಬಸ್ಸಿಗೆ ಅವಳು ಬರಲಿಲ್ಲ, ಫೋನು ಬಂತು. ನಾನೇ ಊರಿಗೆ ಹೋದೆ. ಬೆಳಿಗ್ಗೆ ಗುಳಿಗೆ ನುಂಗಿ ಬಾಗಿಲಲ್ಲಿ ಕೂತವಳು ಬಸ್ಸಿನ ಕಡೆ ನೋಡುತ್ತಿದ್ದಳೆಂದು ಪಕ್ಕದ ಮನೆಯವರು ಹೇಳಿದರು. ಮಧ್ಯಾಹ್ನ ಮಾತಾಡಿಸಿದರೆ ಮೈಯೆಲ್ಲ ಬೆವರಿ, ಬಾಗಿಲ ಚೌಕಟ್ಟಿಗೆ ಒರಗಿದಂತೆಯೇ ಹೋಗಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಒಳಗೆ ಹೋದೆ. ಒಲೆಯ ಪಕ್ಕ ಎರಡು ತಾಟು, ರೊಟ್ಟಿಯ ಬುಟ್ಟಿ. ಬಟ್ಟೆ ಸರಿಸಿದೆ. ನಾಲ್ಕು ತುಂಡೂ ಇದ್ದವು.

ಹೊರಗೆ ಬಸ್ಸು ಬಂದು ನಿಂತಿತು. ಕಂಡಕ್ಟರ್ ಹೊಸಲಿನವರೆಗೆ ಬಂದು ಚಪ್ಪಲಿ ಬಿಟ್ಟು ನಿಂತ. “ಅಕ್ಕನ ಮುಂದ ಉಣ್ಣಬಾರದಂತ ಬರೂದು ಬಿಟ್ಟಿದ್ದೆರಿ,” ಅಂದ. ನಾನು ಒಂದು ತುಂಡು ತೆಗೆದು ಅವನ ಕೈಗೆ ಕೊಟ್ಟೆ. ಅವನು ತಿನ್ನಲಿಲ್ಲ. ಟಿಕೆಟ್ ಚೀಲದೊಳಗೆ ಇಟ್ಟುಕೊಂಡು, ಬಸ್ಸು ಹತ್ತಿ, ಸೀಟಿ ಊದುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.