ಒಸೆವೆಯ ಹಾಡು ಬೇರೆಯವನ ಪಾಲಾದದ್ದು

ಸಾವಿನ ಮನೆಯಂಗಳಕ್ಕೆ ತ್ರುಫೇನಾ ಆವೊಕೊ ಕಾಲಿಟ್ಟ ಮೇಲೆಯೇ ಸರೋವರದ ದಂಡೆಯ ನಮ್ಮ ಲುವೋ ಜನರಲ್ಲಿ ಸರಿಯಾದ ಅಳು ಶುರುವಾಗುತ್ತಿತ್ತು. ಅದಕ್ಕೆ ಮುಂಚಿನದು ಬರೀ ಗದ್ದಲ. ಆಕೆ ಮೊದಲು ಬೇಲಿಯಾಚೆ ನಿಂತು ಯಾರನ್ನಾದರೂ ಕರೆದು ವಿಚಾರಿಸುತ್ತಿದ್ದಳು. ಸತ್ತವನ ಅಜ್ಜ ಯಾರು, ತಾಯಿ ಯಾವ ಸೀಮೆಯ ಮಗಳು, ಕುಡಿದಾಗ ಯಾರನ್ನು ಬಯ್ಯುತ್ತಿದ್ದ, ಮೀನಿನಲ್ಲಿ ತಲೆ ಇಷ್ಟವೋ ಬಾಲವೋ. ಕೇಳಿಕೊಂಡು ಹೆಣದ ಹತ್ತಿರ ಬರುವಷ್ಟರಲ್ಲಿ ಹಾಡು ಕಟ್ಟಿ ಮುಗಿದಿರುತ್ತಿತ್ತು. ರಾಗ ಹಳೆಯದೇ, ಇರುವುದೇ ನಾಲ್ಕೈದು. ಅದರೊಳಗೆ ಹೊಸ ಹೆಸರನ್ನು ಕೂರಿಸುವುದೇ ವಿದ್ಯೆ. ಒಬ್ಬ ಜಿಪುಣ ಸತ್ತಾಗ ಆಕೆ, "ಬಾಲದ ತುಂಡನ್ನೂ ಯಾರಿಗೂ ಕೊಡದವನೇ, ಇವತ್ತು ನಿನ್ನನ್ನೇ ಇಡಿಯಾಗಿ ಕೊಟ್ಟುಬಿಟ್ಟೆಯಲ್ಲೋ" ಎಂದು ಹಾಡಿದಳು. ಹೆಂಡತಿ ಅಳುತ್ತಲೇ ನಕ್ಕಳು. ಆಮೇಲೆ ಬಂದ ಅಳು ನಿಜವಾದದ್ದು.

ತ್ರುಫೇನಾ ಹುಟ್ಟಿದ್ದು ಉಗೆನ್ಯಾ ಸೀಮೆಯಲ್ಲಿ. ಹಾಗಾಗಿ ಗಂಡ ರಾದಿಂಗನ ಊರಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. ಎಲ್ಲರಿಗೂ ನ್ಯಾರ್ ಉಗೆನ್ಯಾ, ಉಗೆನ್ಯಾದ ಮಗಳು. ಓದಿದ್ದು ಮೂರನೇ ಕ್ಲಾಸು. ಹೆಣವಿಲ್ಲದ ಅಂಗಳದಲ್ಲಿ ಆಕೆ ಸಾವಿನ ಹಾಡಿನ ಒಂದು ಸಾಲನ್ನೂ ಗುನುಗುತ್ತಿರಲಿಲ್ಲ. ಸುಮ್ಮನೆ ಅತ್ತರೆ ಸಾವು ತನ್ನನ್ನೇ ಕರೆದರೆಂದು ಬಂದು ಕೂರುತ್ತದೆ ಎನ್ನುತ್ತಿದ್ದಳು. ಒಬ್ಬರಿಗೆ ಹಾಡಿದ್ದನ್ನು ಇನ್ನೊಬ್ಬರಿಗೆ ಹಾಡಿದ್ದೂ ಇಲ್ಲ. ಆ ಹಾಡು ಅವರ ಜೊತೆಗೇ ಮಣ್ಣಿಗೆ ಹೋಯಿತು ಎಂಬುದು ಆಕೆಯ ಲೆಕ್ಕ.

ಊರವರ ಹೆಣಗಳಿಗೆಲ್ಲ ಹಾಡಿದವಳು ಸ್ವಂತ ಮಗನಿಗೆ ಹಾಡಿರಲಿಲ್ಲ. ಹಿರಿಮಗ ಒಸೆವೆ ಒಮೆನಾ ಎಂಬ ಸಣ್ಣ ಮೀನು ಹಿಡಿಯಲು ಸರೋವರಕ್ಕೆ ಹೋದವನು ವಾಪಸಾಗಲಿಲ್ಲ. ದೋಣಿ ಸಿಕ್ಕಿತು, ಜೊತೆಯಲ್ಲಿದ್ದ ಇಬ್ಬರ ಹೆಣ ಸಿಕ್ಕಿತು, ಇವನದು ಸಿಗಲಿಲ್ಲ. ಹನ್ನೊಂದು ವರ್ಷವಾಯಿತು. ಹೆಣ ಸಿಗದವನಿಗೂ ನಮ್ಮಲ್ಲಿ ದಾರಿಯಿದೆ. ಯಾಗೋ ಮರದಿಂದ ಮೊಳದುದ್ದದ ಕಾಯಿ ಕಡಿದು ತಂದು, ಅದನ್ನೇ ಅವನೆಂದು ಬಗೆದು, ಬಟ್ಟೆ ಸುತ್ತಿ ಮನೆಯಂಗಳದಲ್ಲಿ ಹೂಳುತ್ತಾರೆ. ಮೈದುನ ಒಚೊಲಾ ಪ್ರತಿ ಸುಗ್ಗಿ ಮುಗಿದ ಮೇಲೆ ಬಂದು ಇದನ್ನೇ ಕೇಳುತ್ತಿದ್ದ. ಅತ್ತಿಗೆ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದಳು: "ಕಾಯಿಗೆ ತಾಯಿ ಆಗೋಕೆ ನಂಗೆ ಬರಲ್ಲ ಒಚೊಲಾ. ನಿನಗೆ ಬಂದ್ರೆ ಹೇಳು, ನಿನ್ನ ಮಡಿಲಿಗೇ ಹಾಕ್ತೀನಿ."

ಆಮೇಲೆ ಆಕೆಯ ಗಂಟಲಲ್ಲಿ ಗಡ್ಡೆಯಾಯಿತು. ದೊಡ್ಡಾಸ್ಪತ್ರೆಯಲ್ಲಿ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಜೋಳದ ಒಣ ಗರಿ ಉಜ್ಜಿದಂಥ ಪಿಸುಮಾತು. ಅಷ್ಟರಲ್ಲಿ ಊರಿನ ಸಾವುಗಳಿಗೆ ಬಾಡಿಗೆಯ ಧ್ವನಿವರ್ಧಕ ಬಂದಾಗಿತ್ತು. ಹುಡುಗರು ಹೆಣದ ಪಕ್ಕದಲ್ಲೇ ಕುಣಿಯುತ್ತಿದ್ದರು. ಆಕೆಯ ವಿದ್ಯೆ ಕಲಿಯಲು ಒಬ್ಬ ಹೆಣ್ಣುಮಗಳೂ ಬಂದಿರಲಿಲ್ಲ. ಆಗ ಹೊಳೆಯಿತು ಆಕೆಗೆ: ಎಂದಾದರೂ ಒಸೆವೆಯನ್ನು ಹಾಡಿ ಕಳಿಸಬೇಕಾದರೆ ಇನ್ನು ಬೇರೆ ಗಂಟಲೇ ಬೇಕು.

ಇಂಥ ಹೊತ್ತಿಗೆ ಶಾಲೆ ಬಾಗಿಲಿಗೆ ಬಂತು. ಆ ಶಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಲುವೋ ಮಾತಾಡಿದ ಮಗುವಿನ ಕೊರಳಿಗೆ ಮರದ ಬಿಲ್ಲೆ ಕಟ್ಟುತ್ತಾರೆ; ಆಮೇಲೆ ಮಾತಾಡಿದವರ ಕೊರಳಿಗೆ ಅದು ದಾಟುತ್ತದೆ. ಸಂಜೆ ಬಿಲ್ಲೆ ಯಾರ ಕೊರಳಲ್ಲಿದೆಯೋ ಆ ಮಗುವಿಗೆ ಪೆಟ್ಟು. ಅದೇ ಶಾಲೆ ವರ್ಷಕ್ಕೊಮ್ಮೆ ಸಂಗೀತ ಸ್ಪರ್ಧೆಗೆ ಅದೇ ಮಕ್ಕಳಿಗೆ ಮಣಿಸರ ತೊಡಿಸಿ, ಅದೇ ಲುವೋದಲ್ಲಿ ಹಾಡಿಸಿ ಬಹುಮಾನ ಹೊಡೆಯುತ್ತದೆ. ಯಾವ ನಾಲಗೆಗೆ ಬರೆ ಹಾಕಿದರೋ ಅದೇ ನಾಲಗೆಗೆ ಚಪ್ಪಾಳೆ. ಇದಕ್ಕೆ ನಾವು ಸಂಸ್ಕೃತಿ ಶಿಕ್ಷಣ ಎಂದು ಹೆಸರಿಟ್ಟಿದ್ದೇವೆ. ನಾಚಿಕೆ ಎಂಬುದು ಪಠ್ಯದಲ್ಲಿಲ್ಲ, ಹಾಗಾಗಿ ಯಾರಿಗೂ ಆಗುವುದಿಲ್ಲ.

ಮುಖ್ಯೋಪಾಧ್ಯಾಯ ಒಲಾಂಗ್ ಕುರ್ಚಿಯ ತುದಿಯಲ್ಲಿ ಕೂತು ವಿಷಯ ತೆಗೆದರು.

"ಅಜ್ಜಿ, ಏಳು ನಿಮಿಷದ್ದು ಒಂದು ಸಾವಿನ ಹಾಡು ಬೇಕಿತ್ತು."

"ಯಾರು ಸತ್ತಿದ್ದಾರೆ?"

"ಯಾರೂ ಇಲ್ಲ, ಸ್ಪರ್ಧೆಗೆ."

"ಹಾಗಾದ್ರೆ ಯಾರಾದ್ರೂ ಸತ್ತ ಮೇಲೆ ಬನ್ನಿ ಮೇಷ್ಟ್ರೇ. ನೀವೇ ಆದ್ರೂ ಅಡ್ಡಿಯಿಲ್ಲ, ಚೆನ್ನಾಗೇ ಹಾಡಿಸ್ತೀನಿ."

ಒಲಾಂಗ್ ನಕ್ಕು ಎದ್ದು ಹೋದರು. ನಾಲ್ಕನೆಯ ದಿನ ಆಕೆಯೇ ಶಾಲೆಗೆ ನಡೆದು ಬಂದಳು. ಬಾಗಿಲಲ್ಲಿ ನಿಂತು, ಕೇಳಿಸುವುದೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಸತ್ತವನು ಒಬ್ಬ ಇದಾನೆ" ಎಂದಳು. ಹನ್ನೊಂದು ವರ್ಷದಲ್ಲಿ ಮಗನಿಗೆ ಆ ಮಾತು ಬಳಸಿದ್ದು ಅದೇ ಮೊದಲು. ಒಪ್ಪಂದ ಸರಳವಾಗಿತ್ತು. ಹಾಡು ಒಸೆವೆಯದು. ಸ್ಪರ್ಧೆ ಮುಗಿದ ಮೇಲೆ ಯಾಗೋ ಕಾಯಿ ಹೂಳುವ ದಿನ ಹುಡುಗಿಯರು ಅಂಗಳಕ್ಕೆ ಬಂದು ಅದನ್ನು ಹಾಡಬೇಕು. ಒಲಾಂಗ್ ಕೈಮೇಲೆ ಕೈಯಿಟ್ಟು ಒಪ್ಪಿದರು. ಒಚೊಲಾನಿಗೆ ಅಂದೇ ಸುದ್ದಿ ಹೋಯಿತು. ಆತ ಸಂಜೆಯೇ ಬಂದು ಅತ್ತಿಗೆಯ ಎದುರು ಕೂತು ಹೂಳುವ ದಿನ ಎಣಿಸಿದನಂತೆ.

ಮುಂದಾಳು ದನಿಗೆ ಆರಿಸಿದ್ದು ಬೆರಿಲ್ ಎಂಬ ಹದಿಮೂರರ ಹುಡುಗಿಯನ್ನು. ಕಿಸುಮು ಪಟ್ಟಣದಲ್ಲಿ ಬೆಳೆದವಳು, ಲುವೋ ಅರೆಬರೆ, ಆದರೆ ಗಂಟಲು ಗಂಟೆ. ತ್ರುಫೇನಾ ಪಿಸುಗುಟ್ಟಿದ್ದನ್ನು ಇವಳು ಇಂಗ್ಲಿಷ್ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. "ಒಸೆವೆ, ರಾದಿಂಗನ ಮಗನೇ, ನೀರು ನಿನ್ನನ್ನು ಯಾವ ಮನೆಯಲ್ಲಿ ಕೂರಿಸಿದೆ" ಎಂಬ ಸಾಲು ಬಂದಾಗ ತ್ರುಫೇನಾ ಅವಳ ಬಾಯನ್ನೇ ನೋಡುತ್ತಿದ್ದಳು.

ಎರಡನೆಯ ವಾರ ಆಕೆ, "ತೀರಿಹೋದ ನಿನ್ನ ಅಜ್ಜನ ಹೆಸರೇನೇ? ರಾಗ ಇದೇ ಇರ್ಲಿ, ಅವನಿಗೆ ಅವನದೇ ಸಾಲು ಕಟ್ಟಿ ಹಾಡು ನೋಡೋಣ, ಆಗ ಗೊತ್ತಾಗುತ್ತೆ ವಿದ್ಯೆ ಬಂತೋ ಇಲ್ವೋ" ಅಂದಳು.

ಒಲಾಂಗ್ ಅಲ್ಲಿಗೇ ತಡೆದರು. "ಅದೆಲ್ಲ ಬೇಡಜ್ಜಿ. ತೀರ್ಪುಗಾರರ ಕೈಗೆ ಹಾಡು ಬರೆದು ಕೊಟ್ಟಿರ್ತೀವಿ. ಒಂದಕ್ಷರ ಆಚೀಚೆ ಆದ್ರೆ ಅಂಕ ಹೋಗುತ್ತೆ."

ಹುಡುಗಿಯರು ಬಾಯಿಪಾಠ ಮಾಡಿದರು. ಮಗ್ಗಿಯಂತೆ.

ಸ್ಪರ್ಧೆಗೆ ಹತ್ತು ದಿನವಿದ್ದಾಗ ತ್ರುಫೇನಾ ಗಂಟಲು ತೋರಿಸಲು ಮತ್ತೆ ಆಸ್ಪತ್ರೆಗೆ ಹೋಗಬೇಕಾಯಿತು. ಆ ನಡುವೆ ಮುಖ್ಯ ಅತಿಥಿ ಯಾರೆಂದು ಗೊತ್ತಾಯಿತು. ಗಂಬೋ ಎಂಬ ದೊಡ್ಡ ಮನುಷ್ಯರು. ಅವರ ತಂದೆ ನ್ಯಾಮ್ವಾಂಡ ಹಿಂದಿನ ವರ್ಷ ತೀರಿಕೊಂಡಿದ್ದರು. ಶಾಲೆಯ ಎರಡು ಕೊಠಡಿಗಳ ಮೇಲೆ ಮಾಡು ಇರಲಿಲ್ಲ. ಒಲಾಂಗ್ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮಳೆ ಬಂದರೆ ನೂರು ಮಕ್ಕಳನ್ನು ಒಂದೇ ಕೋಣೆಗೆ ತುಂಬುವ ಮನುಷ್ಯ. ಆದರೆ ಮಾಡಿಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಹಾಸುವವರಿಗೆ, ಕಿತ್ತದ್ದು ಯಾರ ಮನೆಯದು ಎಂದು ನೋಡುವ ಕಣ್ಣು ಉಳಿಯುವುದಿಲ್ಲ.

ಸ್ಪರ್ಧೆಯ ದಿನ ತ್ರುಫೇನಾ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಬೆರಿಲ್ ಬಾಯಿ ತೆರೆದಳು. "ನ್ಯಾಮ್ವಾಂಡ, ಗಂಬೋನ ತಂದೆಯೇ" ಎಂದು ಬಂತು. ಒಸೆವೆ ಹಾಡಿನಲ್ಲಿ ಎಲ್ಲೂ ಇರಲಿಲ್ಲ. ಅವನ ದೋಣಿ ಮುದುಕನ ಊರುಗೋಲಾಗಿತ್ತು, ಅವನ ನೀರು ಆಸ್ಪತ್ರೆಯ ಹಾಸಿಗೆಯಾಗಿತ್ತು. ಮುಖ್ಯ ಅತಿಥಿಗಳು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಬಂತು. ಮಾಡಿನ ಭರವಸೆಯೂ ಸಿಕ್ಕಿತು.

ಹೊರಗೆ, ಹುಡುಗಿಯರನ್ನು ಕರೆತಂದ ಲಾರಿಯ ಹತ್ತಿರ ಆಕೆ ಒಲಾಂಗರ ತೋಳು ಹಿಡಿದಳು. "ನನ್ನ ಮಗನನ್ನ ಎಲ್ಲಿ ಇಳಿಸಿ ಬಂದ್ರಿ ಮೇಷ್ಟ್ರೇ?"

"ಹೆಸರು ತಾನೇ ಅಜ್ಜಿ. ಹೂಳೋ ದಿನ ವಾಪಸ್ ಹಾಕಿದ್ರಾಯ್ತು."

"ಅದು ನ್ಯಾಮ್ವಾಂಡನ ಜೊತೆ ಹೋಯ್ತು. ನನ್ನ ಹತ್ರ ಇನ್ನೊಂದಿಲ್ಲ. ಇದ್ರೂ ಈ ಪಿಸುಮಾತಲ್ಲಿ ಹೇಳಿಕೊಡೋಕೆ ದಿನ ಉಳಿದಿಲ್ಲ."

ಆದರೂ ಆಕೆ ಒಪ್ಪಿದಳು. ಬೇರೆ ಏನು ಮಾಡಬಹುದಿತ್ತು? ಒಚೊಲಾ ದಿನ ಗೊತ್ತುಮಾಡಿದ್ದ, ನೆಂಟರಿಗೆ ಹೇಳಿಯಾಗಿತ್ತು, ಕಾಯಿ ಕಡಿದು ತಂದಾಗಿತ್ತು. ಒಬ್ಬರ ಹಾಡು ಇನ್ನೊಬ್ಬರಿಗಿಲ್ಲ ಎಂದು ಜೀವನವಿಡೀ ಪಾಲಿಸಿದವಳು ಸ್ವಂತ ಮಗನಿಗೆ ಎಂಜಲು ಹಾಡಿಗೆ ತಲೆಯಾಡಿಸಿದಳು.

ಗೊತ್ತುಮಾಡಿದ್ದ ಶನಿವಾರ ಹುಡುಗಿಯರು ಸಮವಸ್ತ್ರದಲ್ಲಿ ಬಂದರು. ಗುಂಡಿಯ ಪಕ್ಕದಲ್ಲಿ ಬಿಳಿ ಬಟ್ಟೆ ಸುತ್ತಿದ ಕಾಯಿ ಮಲಗಿತ್ತು. ಮೇಲೆ ಒಸೆವೆಯ ಹಳೆಯ ಅಂಗಿ. ತ್ರುಫೇನಾ ಬೆರಿಲ್‌ಳ ಗಲ್ಲ ಹಿಡಿದು ಮೂರು ಸಲ ಹೆಸರು ಹೇಳಿಕೊಟ್ಟಳು. ಹುಡುಗಿ ತಲೆಯಾಡಿಸಿದಳು.

ಹಾಡು ಎದ್ದಿತು. ಅಂಗಳದ ಹೆಂಗಸರು ಪಲ್ಲವಿಗೆ ದನಿ ಸೇರಿಸಿದರು. ಹೆಸರಿನ ಜಾಗ ಬಂತು. ಬಾಯಿ ಕಲಿತ ದಾರಿಯಲ್ಲೇ ಹೋಯಿತು: ನ್ಯಾಮ್ವಾಂಡ. ಬೆರಿಲ್ ತುಟಿ ಕಚ್ಚಿ ನಿಲ್ಲಿಸಿ ಮತ್ತೆ ಶುರುಮಾಡಿದಳು. ಈ ಸಲ ಅವಳು ಒಸೆವೆ ಅಂದಳು, ಹಿಂದಿನ ಇಪ್ಪತ್ತು ಹುಡುಗಿಯರು ನ್ಯಾಮ್ವಾಂಡ ಅಂದರು. ಮೂರನೆಯ ಸಲ ಒಸೆವೆ ಎಂದವಳಿಗೆ ಮುಂದಿನ ಸಾಲು ಊರುಗೋಲಿನದೇ ಬಂತು. ದೋಣಿಯ ಸಾಲು ನೆನಪಾಗಲೇ ಇಲ್ಲ.

"ಅಜ್ಜಿ, ಅದು ಕೂರ್ತಾನೇ ಇಲ್ಲ" ಎಂದು ಹುಡುಗಿ ಇಂಗ್ಲಿಷಿನಲ್ಲಿ ಹೇಳಿ ಅಳತೊಡಗಿದಳು. ತಪ್ಪು ಅವಳದಲ್ಲ. ಹೆಸರು ಕೂರಿಸುವುದನ್ನು ಅವಳಿಗೆ ಯಾರೂ ಕಲಿಸಲು ಬಿಟ್ಟಿರಲಿಲ್ಲ. ಅಂಕ ಬರುವ ಏಳು ನಿಮಿಷವನ್ನು ಕಲಿಸಿದ್ದರು. ಅದನ್ನು ಅವಳು ಚೆನ್ನಾಗಿ ಕಲಿತಿದ್ದಳು.

ಆಗ ತ್ರುಫೇನಾ ತಾನೇ ಮುಂದೆ ಬಂದು, ಕೈ ಸೊಂಟಕ್ಕಿಟ್ಟು, ಹಿಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತು ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿದವು. ಗಾಳಿ ಮಾತ್ರ ಬಂತು. ಅಂಗಳದವರೆಲ್ಲ ನೆಲ ನೋಡಿದರು. ಒಚೊಲಾ ಅತ್ತಿಗೆಯ ಕಡೆ ತಿರುಗದೆಯೇ, ಗುದ್ದಲಿ ಹಿಡಿದವರಿಗೆ ಕೈ ಮಾಡಿದ.

ಮಣ್ಣು ಮುಚ್ಚಿದರು. ಲಾರಿಗೆ ಹೊತ್ತಾಯಿತೆಂದು ಒಲಾಂಗ್ ಹುಡುಗಿಯರನ್ನು ಎಣಿಸಿ ಹತ್ತಿಸಿಕೊಂಡು ಹೋದರು. ನೆಂಟರು ಊಟಕ್ಕೆ ಕೂತರು. ತ್ರುಫೇನಾ ಗುಡ್ಡೆಯ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದಳು. ತುಟಿ ಆಡುತ್ತಿತ್ತು. ಒಚೊಲಾನ ಹೆಂಡತಿ ಗಂಜಿಯ ಬಟ್ಟಲು ಹಿಡಿದು ಬಂದವಳು ಬಗ್ಗಿ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು. ಏನೂ ಕೇಳಿಸಲಿಲ್ಲ.