ಶೇಷಮ್ಮನನ್ನು ತಿದ್ದಿದ ಚಲುವಮ್ಮ

ಬೆಳಗಿನ ಜಾವ ಐದೂವರೆ. ಕುಶಾಲನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮನೆಯ ಜಗುಲಿಯಲ್ಲಿ ಮಾತ್ರ ಬೆಳಕಿದೆ. ಸೀಮೆಎಣ್ಣೆ ಬುಡ್ಡಿಯ ಪಕ್ಕ ಕಾಲು ಮಡಚಿ ಕುಳಿತ ಚಲುವಮ್ಮ, ಹರಿದ ಪುಸ್ತಕವೊಂದರ ಬೆನ್ನಿಗೆ ಮೈದಾ ಅಂಟು ಸವರುತ್ತಿದ್ದಾರೆ. ಹೊಳೆಯ ಕಡೆಯಿಂದ ಬರುವ ಚಳಿಗೆ ಅಂಟು ಬೇಗ ಗಟ್ಟಿಯಾಗುತ್ತದೆ. ಆಗಾಗ ಬಟ್ಟಲನ್ನು ಒಲೆಯ ಬೂದಿಯ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಾರೆ. ರಟ್ಟು ಒತ್ತಿ ಕೂರಿಸಿ, ಮೇಲೆ ಒರಳುಗುಂಡು ಹೇರಿ, ಇನ್ನೊಂದು ಪುಸ್ತಕಕ್ಕೆ ಕೈ ಹಾಕುತ್ತಾರೆ. ಆರೂಕಾಲಿಗೆ ಸುಂಟಿಕೊಪ್ಪದ ಕಡೆಯ ಮೊದಲ ಬಸ್ಸು. ಅಷ್ಟರಲ್ಲಿ ಇಪ್ಪತ್ತನಾಲ್ಕು ಪುಸ್ತಕಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬಿದಿರು ಬುಟ್ಟಿಗೆ ತುಂಬಿ ಆಗಬೇಕು.

ಚಲುವಮ್ಮನಿಗೆ ಈಗ ನಲವತ್ತೆಂಟು. ಹನ್ನೆರಡು ವರ್ಷಗಳಿಂದ ಅವರು ಬಾಡಿಗೆ ಪುಸ್ತಕಗಳನ್ನು ಹೊತ್ತು ತೋಟಗಳಿಗೆ ಹೋಗುತ್ತಾರೆ. ಸುಂಟಿಕೊಪ್ಪದಲ್ಲಿ ಬಸ್ಸಿಳಿದರೆ ಅಲ್ಲಿಂದಾಚೆ ಕಾಲ್ನಡಿಗೆ. ದಿನಕ್ಕೆ ಏಳೆಂಟು ಮೈಲಿ, ವಾರಕ್ಕೆ ಆರು ತೋಟ, ಮೂರು ಹಳ್ಳಿ. ಅವರ ಪಟ್ಟಿಯಲ್ಲಿ ನೂರ ನಲವತ್ತು ಓದುಗರಿದ್ದಾರೆ. ಅವರಲ್ಲಿ ಅಕ್ಷರ ಬಲ್ಲವರು ಐವತ್ತು ಮಂದಿ ಇದ್ದರೆ ಹೆಚ್ಚು. ಉಳಿದವರಿಗೆ ಚಲುವಮ್ಮ ತಾವೇ ಓದಿ ಹೇಳುತ್ತಾರೆ. ಭಾನುವಾರ ಮಧ್ಯಾಹ್ನ ಆಳುಗಳು ವಾಸಿಸುವ ತೋಟದ ಲೈನ್ ಮನೆಗಳ ಮುಂದೆ ಚಾಪೆ ಹಾಸಿ, ಒಂದೊಂದು ವಾರ ನಾಲ್ಕು ಅಧ್ಯಾಯ.

ಅವರು ಹುಟ್ಟಿದ್ದು ಹಾಸನ ಸೀಮೆಯ ಅರಕಲಗೂಡಿನ ಕಡೆ. ನಾಲ್ಕನೇ ತರಗತಿ ಮುಗಿಯುವ ಹೊತ್ತಿಗೆ ಅಪ್ಪ ಗದ್ದೆ ಮಾಡಲೆಂದು ಕುಟುಂಬ ಸಮೇತ ಕುಶಾಲನಗರದ ಪಕ್ಕಕ್ಕೆ ಬಂದರು. ಓದು ಅಲ್ಲಿಗೇ ನಿಂತಿತು. ಮದುವೆಯಾದ ತಿಮ್ಮಯ್ಯನವರು ಬಸ್ ನಿಲ್ದಾಣದ ಬಳಿ ಪುಸ್ತಕದ ಪೆಟ್ಟಿಗೆ ಅಂಗಡಿ ಇಟ್ಟಿದ್ದರಿಂದ ಮತ್ತೆ ಅಕ್ಷರ ಕೈಗೆ ಸಿಕ್ಕಿತು. ತಿಮ್ಮಯ್ಯನವರಿಗೆ ಉಬ್ಬಸ. ಗುಡ್ಡ ಹತ್ತಿ ಪುಸ್ತಕ ಕೊಡುವುದು ಅವರಿಂದ ಆಗದೆ ಹೋದಾಗ ಬುಟ್ಟಿ ಹೆಂಡತಿಯ ತಲೆಗೆ ಬಂತು. ಗಂಡಸರು ಮಾಡುವ ಕೆಲಸ, ಅದೂ ಒಬ್ಬಳೇ ತೋಟದ ದಾರಿಯಲ್ಲಿ ಎಂದು ನೆಂಟರು ಆಡಿಕೊಂಡರು. ಜಿಗಣೆ, ಮಳೆ, ಆನೆ ಬಂದ ಸುದ್ದಿ ಕೇಳಿ ಅರ್ಧ ದಾರಿಯಲ್ಲಿ ಹಿಂದಿರುಗಿದ ದಿನಗಳು, ಎಲ್ಲವೂ ಇದ್ದವು. ಅವರು ಯಾವುದನ್ನೂ ದೊಡ್ಡದು ಮಾಡಿ ಹೇಳುವುದಿಲ್ಲ.

ಅವರು ದೊಡ್ಡದು ಮಾಡಿ ಹೇಳುವುದು ಒಂದನ್ನೇ, ತಮ್ಮ ನೋಟ್‌ಬುಕ್ಕನ್ನು. ಪುಸ್ತಕ ವಾಪಸು ತೆಗೆದುಕೊಳ್ಳುವಾಗ ಅವರು ತಪ್ಪದೆ ಒಂದು ಮಾತು ಕೇಳುತ್ತಾರೆ: ಹೇಗಿತ್ತು? ಏನೇ ಉತ್ತರ ಬಂದರೂ ಹೆಸರು, ಊರು ಸಮೇತ ಬರೆದುಕೊಳ್ಳುತ್ತಾರೆ. “ಪುಸ್ತಕ ಕೊಟ್ಟು ಬಂದ್ರೆ ಅರ್ಧ ಕೆಲ್ಸ ಸ್ವಾಮಿ. ಓದಿ ಏನನ್ನಿಸ್ತು ಅಂತ ಕೇಳ್ಕಂಡು ಬಂದ್ರೆ ಪೂರ್ತಿ ಆಯ್ತದೆ,” ಎನ್ನುತ್ತಾರೆ.

ನೋಟ್‌ಬುಕ್ಕಿನ ಮುಕ್ಕಾಲು ಪಾಲು ತುಂಬಿರುವುದು ಶೇಷಮ್ಮನಿಂದ. ಶೇಷಮ್ಮ ಮೈಸೂರಿನ ಲೇಖಕರೊಬ್ಬರು ವರ್ಷಕ್ಕೆರಡರಂತೆ ಬರೆಯುವ ಪತ್ತೇದಾರಿ ಮಾಲೆಯ ನಾಯಕಿ. ಹಪ್ಪಳ ಮಾರುವ ವಿಧವೆ, ಅರವತ್ತು ದಾಟಿದ ಮುದುಕಿ. ಅವಳ ಕಥೆಗಳಲ್ಲಿ ಕೊಲೆ, ರಕ್ತ ಇರುವುದಿಲ್ಲ. ಕಾಣೆಯಾದ ಬೆಳ್ಳಿ ತಟ್ಟೆ, ಸುಳ್ಳು ಉಯಿಲು, ಮದುವೆ ಮನೆಯಲ್ಲಿ ಬದಲಾದ ಪೆಟ್ಟಿಗೆ, ಇಂಥವು. ಎಲ್ಲರ ಮನೆಗೂ ಹಪ್ಪಳ ಕೊಡಲು ಹೋಗುವ ಶೇಷಮ್ಮ ಕಳ್ಳನನ್ನು ಹಿಡಿದು, ಬುದ್ಧಿ ಹೇಳಿ, ಊಟ ಹಾಕಿ ಕಳಿಸುತ್ತಾಳೆ. ಸುಂಟಿಕೊಪ್ಪದ ಸುತ್ತ ಇವಳ ಹೆಸರು ಗೊತ್ತಿಲ್ಲದವರಿಲ್ಲ.

ಅಭಿಪ್ರಾಯಗಳು ತರಹೇವಾರಿ. ಸೇನೆಯಿಂದ ನಿವೃತ್ತರಾದ ಸುಬೇದಾರ್ ಬೆಳ್ಳಿಯಪ್ಪನವರು ಪ್ರತಿ ಪುಸ್ತಕದಲ್ಲೂ ಕಳ್ಳ ಯಾರೆಂದು ತಮಗೆ ಯಾವ ಪುಟದಲ್ಲಿ ಹೊಳೆಯಿತು ಎಂಬುದನ್ನು ಮಾತ್ರ ಬರೆಸುತ್ತಾರೆ. ಇಪ್ಪತ್ತಾರರಲ್ಲಿ ಹತ್ತೊಂಬತ್ತನ್ನು ನಲವತ್ತನೇ ಪುಟದೊಳಗೇ ಹಿಡಿದಿದ್ದಾರಂತೆ. ಬಸ್ಸಿನ ಡ್ರೈವರ್ ಒಬ್ಬರು, ಹದಿನೇಳನೆಯ ಪುಸ್ತಕದಲ್ಲಿ ಶೇಷಮ್ಮ ಒಂದು ಸಲವೂ ಊಟ ಮಾಡುವುದಿಲ್ಲ, ಮುದುಕಿಗೆ ಮೈ ಸರಿಯಿಲ್ಲವೇ ವಿಚಾರಿಸಿ ಎಂದಿದ್ದಾರೆ. ಶಾಲಾ ಮಾಸ್ತರರೊಬ್ಬರದು ಯಾವಾಗಲೂ ಒಂದೇ ಸಾಲು: ಭಾಷೆ ಶುದ್ಧವಾಗಿದೆ. ಇವನ್ನೆಲ್ಲ ಚಲುವಮ್ಮ ಕಾಗದಕ್ಕೆ ಇಳಿಸಿ ಪ್ರತಿ ಸಲ ಪ್ರಕಾಶಕರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಬಂದ ಉತ್ತರ, ‘ತಮ್ಮ ಪತ್ರ ತಲುಪಿತು’ ಎಂದು ಅಚ್ಚಾದ ಒಂದು ಕಾರ್ಡು ಮಾತ್ರ.

ಇಪ್ಪತ್ತೇಳನೆಯ ಪುಸ್ತಕ ಬಂದದ್ದು ಹೋದ ವರ್ಷ ದೀಪಾವಳಿಗೆ. ಹೆಸರು ‘ಬಂಗಲೆಯ ಪದಕ’. ಶೇಷಮ್ಮ ಮೊದಲ ಸಲ ಕೊಡಗಿನ ಕಾಫಿ ತೋಟಕ್ಕೆ ಬರುತ್ತಾಳೆ ಎಂದಾಗ ಜನರ ಸಂಭ್ರಮ ಕೇಳಬೇಕೆ? ಹೊನ್ನೆಬಾಣೆ ತೋಟದ ಯಜಮಾನರ ಹೆಂಡತಿ ದಮಯಂತಿಯವರು ಒಂದು ಪ್ರತಿ ತೆಗೆದುಕೊಂಡು ಮೂರು ದಿನದಲ್ಲಿ ಓದಿ ಮುಗಿಸಿದರು. ಇನ್ನೊಂದು ಪ್ರತಿಯನ್ನು ಚಲುವಮ್ಮ ಅದೇ ತೋಟದ ಲೈನಿನಲ್ಲಿ ವಾರ ವಾರ ಓದತೊಡಗಿದರು.

ಕಥೆ ಇಷ್ಟು. ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಪಿಕಿಂಗ್ ನಡೆಯುವಾಗ, ಬಂಗಲೆಯ ಯಜಮಾನಿ ತನ್ನ ಗಂಧದ ಪೆಟ್ಟಿಗೆ ತೆರೆದರೆ ಪದಕದ ಸರ ಇಲ್ಲ. ಶೇಷಮ್ಮ ಪೆಟ್ಟಿಗೆಯ ಮೂಲೆಯಲ್ಲಿ ಬಾಡಿದ ಕಾಫಿ ಹೂವೊಂದನ್ನು ಕಾಣುತ್ತಾಳೆ. ಹಣ್ಣು ಬಿಡಿಸಲು ಬಂದ ಮಾದಿ ಎಂಬ ಹೆಂಗಸಿಗೆ ಹೂ ಮುಡಿಯುವ ಚಟ. ಆ ಹೂ ಅವಳ ಮುಡಿಯಿಂದ ಬಿದ್ದದ್ದೆಂದು ಶೇಷಮ್ಮ ತೀರ್ಮಾನಿಸುತ್ತಾಳೆ. ಮಾದಿ ತೋಟ ಬಿಟ್ಟು ಹೋಗಬೇಕಾಗುತ್ತದೆ.

ಪುಸ್ತಕದಲ್ಲಿ ಆದದ್ದು ಪುಸ್ತಕದಲ್ಲೇ ಉಳಿಯಲಿಲ್ಲ. ದಮಯಂತಿಯವರು ಓದಿ ಮುಗಿಸಿದ ವಾರದಲ್ಲೇ ಹೊನ್ನೆಬಾಣೆಯಲ್ಲಿ ಹೊಸ ನಿಯಮ ಬಂತು. ಸಂಜೆ ಹಣ್ಣು ತೂಕ ಹಾಕಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ತೋಟದ ಲೆಕ್ಕ ಬರೆಯುವ ರೈಟರ್ ಬೋಜಪ್ಪನವರ ಮುಂದೆ ನಿಂತು ಮಡಿಲು ಕೊಡವಿ ತೋರಿಸಿಯೇ ಲೈನಿಗೆ ಹೋಗಬೇಕು. ಬೋಜಪ್ಪನವರು ನೆಲ ನೋಡುತ್ತ ನಿಲ್ಲುತ್ತಿದ್ದರಂತೆ. ಇದೇಕೆಂದು ಯಾರಿಗೂ ತಿಳಿಯಲಿಲ್ಲ. ಭಾನುವಾರ ಚಲುವಮ್ಮ ಕೊನೆಯ ಅಧ್ಯಾಯ ಓದಿದಾಗ ತಿಳಿಯಿತು.

ಓದಿ ಮುಗಿಸಿ ತಲೆ ಎತ್ತುವಷ್ಟರಲ್ಲಿ, ಪಿರಿಯಾಪಟ್ಟಣದ ಕಡೆಯಿಂದ ಬಂದು ಒಂಬತ್ತು ವರ್ಷದಿಂದ ಅಲ್ಲೇ ದುಡಿಯುವ ಜವರಿ ಎದ್ದು ನಿಂತಳು. ಅವಳೂ ಹೂ ಮುಡಿಯುವವಳೇ. ನಿಯಮ ಬಂದ ಮೊದಲ ದಿನ ಎಲ್ಲರಿಗಿಂತ ಮುಂಚೆ ಅವಳನ್ನೇ ಕರೆದಿದ್ದರು.

“ನಿನ್ ಪುಸ್ತಕ ನನ್ ಮಡ್ಲು ಕೊಡವಿಸ್ತು ಕಣಕ್ಕ,” ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದುಹೋದರು.

ಮುಂದಿನ ಎರಡು ಭಾನುವಾರ ಚಲುವಮ್ಮ ಚಾಪೆ ಹಾಸಿ ಕುಳಿತರೂ ಯಾರೂ ಬರಲಿಲ್ಲ. ಪುಸ್ತಕ ಬರೆದವರು ಅವರಲ್ಲ, ನಿಯಮ ಮಾಡಿದವರೂ ಅವರಲ್ಲ. ಆದರೂ ಬುಟ್ಟಿಯಲ್ಲಿ ಹೊತ್ತು ತಂದವರು ತಾವೇ ಅಲ್ಲವೇ ಎಂಬ ಯೋಚನೆ ಆ ದಿನಗಳಲ್ಲಿ ಬಿಡಲಿಲ್ಲ ಎನ್ನುತ್ತಾರೆ. ಆ ತೋಟ ಬಿಟ್ಟುಬಿಡು ಎಂದು ತಿಮ್ಮಯ್ಯನವರು ಹೇಳಿದರು. ಅವರು ಬಿಡಲಿಲ್ಲ.

ಮೂರನೆಯ ಭಾನುವಾರ ಜವರಿ ಬಂದಳು. ಕೂರಲಿಲ್ಲ. ಆ ಹೂವಿನ ಭಾಗವನ್ನು ಇನ್ನೊಂದು ಸಲ ಓದು ಎಂದಳು. ಚಲುವಮ್ಮ ಓದಿದರು. ಮಾದಿ ತೋಟಕ್ಕೆ ಬಂದದ್ದು ಯಾವಾಗ ಎಂದು ಕೇಳಿದಳು. ಎರಡನೆಯ ಅಧ್ಯಾಯದಲ್ಲಿತ್ತು: ನವೆಂಬರಿನಲ್ಲಿ ಪಿಕಿಂಗ್ ಆಳುಗಳ ಜೊತೆ, ಮೊದಲ ಸಲ. ಜವರಿ ಆಗ ಕೂತಳು.

“ಹಣ್ಣು ಬಿಡ್ಸೋ ಕಾಲ್ದಲ್ಲಿ ಕಾಫಿ ಹೂವ ಎಲ್ಲಿಂದ ಬತ್ತದೆ? ಹೂವ ಆಗೋದು ಯುಗಾದಿ ಮಳೆ ಬಿದ್ಮೇಲೆ. ಆ ಪೆಟ್ಗೆಲಿರೋದು ಹಿಂದಿನ ಹೂವ. ಅದು ಬಿದ್ದಾಗ ಮಾದಿ ಆ ತೋಟದ ಮೊಕನೇ ಕಂಡಿಲ್ಲ.”

ಅಂದರೆ ಸರ ಹೋದದ್ದು ಡಿಸೆಂಬರಿನಲ್ಲಲ್ಲ. ಹೋಗಿ ಎಂಟು ತಿಂಗಳಾದ ಮೇಲೆ ಗೊತ್ತಾಗಿದೆ. ಹೂವಿನ ಕಾಲದಲ್ಲಿ ಬಂಗಲೆಯಲ್ಲಿ ಇದ್ದವರು ಯಾರು? ಅಷ್ಟರಲ್ಲಿ ನಾಲ್ಕಾರು ಹೆಂಗಸರು ಬಂದು ಸುತ್ತ ಸೇರಿದ್ದರು. ಚಲುವಮ್ಮ ಹಾಳೆ ತಿರುಗಿಸುತ್ತ ಹೋದರು. ನಾಲ್ಕನೆಯ ಅಧ್ಯಾಯದಲ್ಲಿ ಸಿಕ್ಕಿತು. ತೋಟದ ಅಂದ ಬಣ್ಣಿಸುವ ಭರದಲ್ಲಿ ಲೇಖಕರು ಒಂದು ಮಾತು ಬರೆದಿದ್ದರು: ಯಜಮಾನರ ಭಾವಮೈದ ಪ್ರತಿವರ್ಷದಂತೆ ಈ ಯುಗಾದಿಗೂ ಕಾಫಿ ಹೂ ನೋಡಲು ಬಂದು ಒಂದು ವಾರ ತಂಗಿದ್ದ. ಕಳ್ಳ ಪುಸ್ತಕದೊಳಗೇ ಇದ್ದ. ಬರೆದವರಿಗೂ ಗೊತ್ತಿರಲಿಲ್ಲ, ಶೇಷಮ್ಮನಿಗೂ ಗೊತ್ತಾಗಿರಲಿಲ್ಲ.

ಆ ಸಂಜೆಯಿಂದ ಚಲುವಮ್ಮ ಸುಮ್ಮನೆ ಕೂರಲಿಲ್ಲ. ಆರೂ ತೋಟ ಸುತ್ತಿ, ಪುಸ್ತಕ ಓದಿದವರನ್ನೂ ಕೇಳಿದವರನ್ನೂ ಮಾತಾಡಿಸಿ ಅರವತ್ತಮೂರು ಜನರ ಅಭಿಪ್ರಾಯ ಬರೆದುಕೊಂಡರು. ತಾವು ಈ ಸಲ ಮೂವತ್ತೊಂದನೇ ಪುಟದಲ್ಲೇ ಕಳ್ಳಿಯನ್ನು ಹಿಡಿದೆವೆಂದು ಬರೆಸಿದ್ದ ಬೆಳ್ಳಿಯಪ್ಪನವರು, ಜವರಿಯ ಮಾತು ಕೇಳಿ ಸ್ವಲ್ಪ ಹೊತ್ತು ಮೀಸೆ ತಿರುವಿ, ಅದನ್ನು ಹೊಡೆದುಹಾಕು, ನಾನು ಸೋತೆ ಎಂದು ಬರೆ ಎಂದರು. ಪ್ರಕಾಶಕರಿಗೆ ಅಂಚೆ ಹೋಯಿತು. ಅದೇ ಅಚ್ಚಿನ ಕಾರ್ಡು ಬಂತು.

ಜನವರಿಯ ಒಂದು ಬೆಳಿಗ್ಗೆ ಚಲುವಮ್ಮ ತೋಟದ ಬಸ್ಸು ಹತ್ತಲಿಲ್ಲ. ನೋಟ್‌ಬುಕ್ ಮತ್ತು ಒಂದು ಕಾಫಿ ಕೊಂಬೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕೊಡಗಿನ ಗಡಿಯ ಸೇತುವೆ ದಾಟಿ ಮೈಸೂರು ರಾಜ್ಯಕ್ಕೆ ಹೋಗುವ ಬಸ್ಸು ಹತ್ತಿದರು. ಅಷ್ಟು ದೂರ ಒಬ್ಬರೇ ಹೋದದ್ದು ಅದೇ ಮೊದಲು. ಪ್ರಕಾಶಕರ ಕಚೇರಿಯಲ್ಲಿ ಲೇಖಕರ ವಿಳಾಸ ಕೊಡಲು ಒಪ್ಪಲಿಲ್ಲ. ಬಾಗಿಲಲ್ಲೇ ಕೂತರು. ಮಧ್ಯಾಹ್ನ ಕರಡು ತಿದ್ದಲು ಅಲ್ಲಿಗೇ ಬಂದ ಲೇಖಕರು, ಬಾಗಿಲಲ್ಲಿ ಕಾಫಿ ಕೊಂಬೆ ಹಿಡಿದು ಕೂತ ಹೆಂಗಸನ್ನು ನೋಡಿ ಯಾರೆಂದು ವಿಚಾರಿಸಿದರು.

ಚಲುವಮ್ಮ ಮೊದಲು ಕೊಂಬೆ ತೋರಿಸಿದರು. ತುದಿಯಲ್ಲಿ ನಾಲ್ಕು ಕೆಂಪು ಹಣ್ಣು ಉಳಿದಿದ್ದವು. ಮೊಗ್ಗು ಇನ್ನೂ ಸಾಸಿವೆಯಷ್ಟಿತ್ತು. ಆಮೇಲೆ ನೋಟ್‌ಬುಕ್ ಕೊಟ್ಟರು. ಲೇಖಕರು ಎರಡು ಗಂಟೆ ಓದಿದರು. ನಡುವೆ ಒಂದು ಸಲ ಎದ್ದು ತಮ್ಮದೇ ಪುಸ್ತಕ ತರಿಸಿ ನಾಲ್ಕನೆಯ ಅಧ್ಯಾಯ ತೆರೆದರು. ಕನ್ನಡಕ ತೆಗೆದಿಟ್ಟು, “ನಾನು ಬರೆದದ್ದನ್ನು ನಾನೇ ಸರಿಯಾಗಿ ಓದಿಲ್ಲ ನೋಡಿಯಮ್ಮ,” ಎಂದರು.

ಹಾಗಾದರೆ ಮಾದಿಯ ಗತಿಯೇನು ಎಂದು ಚಲುವಮ್ಮ ಕೇಳಿದರು. ಮಡಿಲು ಕೊಡವಿಸುವ ಸಂಗತಿಯನ್ನೂ ಹೇಳಿದರು. ಲೇಖಕರು ತಾವು ಬರೆಯುತ್ತಿದ್ದ ಕಾದಂಬರಿಯನ್ನು ಬದಿಗಿಡುವುದಾಗಿ ಮಾತ್ರ ಹೇಳಿ, ಬಸ್ ನಿಲ್ದಾಣದವರೆಗೆ ತಾವೇ ಬಂದು ಕಳಿಸಿದರು.

ಹೊನ್ನೆಬಾಣೆಯಲ್ಲಿ ಕಾಫಿ ಮುಗಿದರೂ ನಿಯಮ ಮುಗಿಯಲಿಲ್ಲ. ಕರಿಮೆಣಸು ಕೊಯ್ಯುವಾಗಲೂ ಹೆಂಗಸರು ಮಡಿಲು ಕೊಡವಿಯೇ ಮನೆಗೆ ಹೋಗುತ್ತಿದ್ದರು. ಏಪ್ರಿಲ್ ಕೊನೆಗೆ ಇಪ್ಪತ್ತೆಂಟನೆಯ ಪುಸ್ತಕ ಬಂತು. ಹೆಸರು ‘ಶೇಷಮ್ಮನ ತಪ್ಪು’. ಚಲುವಮ್ಮ ಒಂದೇ ಕೆಲಸ ಮಾಡಿದರು: ಬಂಗಲೆಗೆ ಪ್ರತಿ ಕೊಡಲಿಲ್ಲ. ಈ ಸಲ ಭಾನುವಾರ ಎಲ್ಲರಿಗೂ ಒಟ್ಟಿಗೆ ಓದುತ್ತೇನೆ, ತಾವೂ ಕಣಕ್ಕೆ ಬರಬೇಕು ಎಂದು ದಮಯಂತಿಯವರನ್ನು ಕೇಳಿಕೊಂಡರು. ಮುಂದೇನಾಯಿತೆಂದು ತಿಳಿಯುವ ಆಸೆ ಅವರಿಗೂ ಇತ್ತು. ಕಾಫಿ ಒಣಗಿಸುವ ಕಣದಲ್ಲಿ ಅವರಿಗೊಂದು ಕುರ್ಚಿ ಹಾಕಿದರು. ಸುತ್ತ ನೂರು ಜನ.

ಪುಸ್ತಕದಲ್ಲಿ ಶೇಷಮ್ಮ, ಊರೂರು ಅಲೆದು ಮಾದಿಯನ್ನು ಹುಡುಕುತ್ತಾಳೆ. ಸಿಕ್ಕಿದ ಮೇಲೆ ಹಪ್ಪಳದ ಬುಟ್ಟಿ ಕೆಳಗಿಟ್ಟು, ಎಲ್ಲರ ಮುಂದೆ ಅವಳ ಕೈ ಹಿಡಿದು, ನಾನು ಹೂ ನೋಡಿದೆ, ಕಾಲ ನೋಡಲಿಲ್ಲ, ನನ್ನನ್ನು ಕ್ಷಮಿಸು ಎನ್ನುತ್ತಾಳೆ. ಆ ಸಾಲನ್ನು ಚಲುವಮ್ಮ ಎರಡು ಸಲ ಓದಿದರು.

ದಮಯಂತಿಯವರು ಕುರ್ಚಿಯಿಂದ ಎದ್ದರು. ಎದ್ದು ಹೋಗುತ್ತಾರೆಂದೇ ಎಲ್ಲರೂ ತಿಳಿದರು. ಅವರು ರೈಟರ ಕಡೆ ತಿರುಗಿದರು.

“ಬೋಜಪ್ಪ, ನಾಳೆಯಿಂದ ಆ ಕೆಲಸ ಬೇಡ.” ಆಮೇಲೆ ಜವರಿಯ ಕಡೆ ನೋಡಿ, “ನಾನೂ ಕಾಲ ನೋಡಲಿಲ್ಲ,” ಎಂದರು. ಚಾಪೆಯ ಮೇಲೆ ಜಾಗ ಮಾಡಿಕೊಂಡು ಕೂತು, ಮುಂದಕ್ಕೆ ಓದಲು ಹೇಳಿದರು.

ಪುಸ್ತಕದ ಮೊದಲ ಹಾಳೆಯಲ್ಲಿ ಅರವತ್ತಮೂರು ಹೆಸರುಗಳು ಅಚ್ಚಾಗಿವೆ, ಎಲ್ಲಕ್ಕಿಂತ ಮೇಲೆ ಜವರಿಯದು. ಓದು ಮುಗಿದ ಮೇಲೆ ಜವರಿ ಬಂದು ತನ್ನದು ಯಾವುದೆಂದು ಕೇಳಿದಳು. ಚಲುವಮ್ಮ ತೋರಿಸಿದರು. ಅವಳು ಅದರ ಮೇಲೆ ಬೆರಳಿಟ್ಟು, ಇಷ್ಟು ಚಿಕ್ಕದಾ ಎಂದಳು. ಕಣವೆಲ್ಲ ನಕ್ಕಿತು. ಅವಳೂ ನಕ್ಕಳು. ಆ ಪ್ರತಿ ಈಗ ಬಾಡಿಗೆಗೆ ಸಿಗುವುದಿಲ್ಲ. ಅದು ಲೈನಿನಲ್ಲಿ ಜವರಿಯ ಮನೆಯ ಗೂಡಿನಲ್ಲಿದೆ. ಅವಳಿಗೆ ಈಗ ಶೇಷಮ್ಮ ಎಂಬ ಇನ್ನೊಂದು ಗೌರವದ ಹೆಸರು ಬಂದಿದೆ. ಪಕ್ಕದ ತೋಟದವರು ಏನಾದರೂ ಕಳೆದುಕೊಂಡರೆ ಮೊದಲು ಅವಳನ್ನು ಕೇಳಲು ಬರುತ್ತಾರೆ.

ಇತ್ತ ಕುಶಾಲನಗರದ ಓಣಿಗೆ ಈ ಅಕ್ಟೋಬರಿನಲ್ಲಿ ಮೈಸೂರಿನಿಂದ ಒಂದು ದಪ್ಪ ಕಟ್ಟು ಬಂತು. ಒಳಗಿದ್ದದ್ದು ಇಪ್ಪತ್ತೊಂಬತ್ತನೆಯ ಶೇಷಮ್ಮ, ಲೇಖಕರ ಕೈಬರಹದಲ್ಲಿ. ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನಿಮ್ಮವರಿಗೆ ಓದಿ ತೋರಿಸಿ ಎಂದು ಜೊತೆಗೊಂದು ಕಾಗದ. ಆರು ಭಾನುವಾರ ಓದಾಯಿತು. ಆರೂ ತೋಟದವರು ಕಣದ ಮೇಲೆ ಕೂತು ವಾದ ಮಾಡಿದರು. ಹದಿನಾಲ್ಕು ತಿದ್ದುಪಡಿಗಳನ್ನು ಚಲುವಮ್ಮ ನೀಟಾಗಿ ಬರೆದು ಕಳಿಸಿದರು. ಲೇಖಕರು ಹನ್ನೆರಡನ್ನು ಒಪ್ಪಿಕೊಂಡಿದ್ದಾರೆ.

ಬಸ್ಸಿನ ಹಾರ್ನು ಕೇಳುತ್ತಿದೆ. ಚಲುವಮ್ಮ ಸಿಂಬಿ ಸುತ್ತಿ ಬುಟ್ಟಿ ತಲೆಗೇರಿಸುತ್ತಾರೆ. ಉಳಿದ ಎರಡರ ಕಥೆ ಏನು ಎಂದು ಕೇಳಿದರೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ.

“ಅವೆರಡಕ್ಕೂ ಕಾಗ್ದ ಬರೀತಾ ಇದೀನಿ ಸ್ವಾಮಿ. ಒಪ್ಕೋತಾರೆ, ಎಲ್ಲಿಗೋಯ್ತಾರೆ?”