ನನ್ನದಲ್ಲದ ಚಾಲಿ

ಆ ಚಾಲಿ ನನ್ನದಲ್ಲ. ತಿಕೋಟಾದ ಸುಂದ್ರವ್ವ ನನ್ನನ್ನು ಗುರು ಎಂದು ನಂಬಿ ಊರೂರು ಹಾಡಿದ ಆ ಧಾಟಿಯನ್ನು ನಾನು ಕಟ್ಟಲಿಲ್ಲ — ಒಂದು ಇಂಗ್ಲಿಷ್ ರೆಕಾರ್ಡಿನಿಂದ ಎತ್ತಿದೆ. ಕದ್ದೆ ಎನ್ನಬೇಕು. ಇಷ್ಟು ವರ್ಷ ‘ಎತ್ತಿದೆ’ ಎಂದುಕೊಂಡೇ ಬದುಕಿದ್ದೇನೆ, ಈಗಲೂ ಕೈ ಮೊದಲು ಅದನ್ನೇ ಬರೆಯಿತು ನೋಡಿ.

ಎಪ್ಪತ್ತರ ದಶಕದ ಮಾತು. ವಾರವಿಡೀ ನಾನು ವಿಜಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ರಜೆ ಸಿಕ್ಕರೆ ನನ್ನೂರು ನಿಡೋಣಿಯ ಹರದೇಶಿ ಮೇಳದ ಮುಖ್ಯ ಹಾಡುಗಾರ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ಎದುರಿನ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಉತ್ತರ ಕೊಡಬೇಕು. ಅದೂ ನಾವು ಎತ್ತಿದ ಧಾಟಿಯಲ್ಲೇ — ಆ ಧಾಟಿಗೇ ಚಾಲಿ ಎನ್ನುವುದು. ಯಾರೂ ಕೇಳದ ಚಾಲಿ ಎಸೆದು ಎದುರಾಳಿಯ ಬಾಯಿ ಕಟ್ಟಿಸಿದವನೇ ಗಂಡುಗಲಿ. ನನಗೆ ಆ ಚಟ ವಿಪರೀತ ಇತ್ತು.

ಸೊಲ್ಲಾಪುರ ರಸ್ತೆಯಲ್ಲಿ ನನ್ನ ಗೆಳೆಯನೊಬ್ಬ ಅಂಗಡಿ ಇಟ್ಟು ಮದುವೆಗಳಿಗೆ ಸ್ಪೀಕರ್ ಬಾಡಿಗೆ ಕೊಡುತ್ತಿದ್ದ. ಒಮ್ಮೆ ಪುಣೆಯಿಂದ ಹಳೇ ರೆಕಾರ್ಡುಗಳ ಗಂಟು ತಂದಿದ್ದ. ಲೇಬಲ್ಲು ಹರಿದ ಒಂದನ್ನು ಹಚ್ಚಿದ. “ಏನಪಾ ಇದು, ತಗಡಿನ ಪತ್ರಾಸ ಮ್ಯಾಲ ಕಲ್ಲ ಸುರುವಿದಂಗ ಆಗಾಕತ್ತೈತಿ!” ಎಂದು ನಕ್ಕು ತೆಗೆಯಲು ಹೋದ. ನಾನು ಅವನ ಕೈ ಹಿಡಿದೆ.

ಹೇಗೆ ಹೇಳಲಿ — ಒಂದು ಗಿಟಾರು ಕೆಲವೇ ಸ್ವರ ಹಿಡಿದು ಬಿಡದೆ ತಿರುಗಿ ತಿರುಗಿ ಬರುತ್ತಿತ್ತು. ಹಿಂದೆ ಡ್ರಮ್ಮು ನೆಲ ಗುದ್ದುತ್ತಿತ್ತು. ಅದರ ಮೇಲೆ ಒಬ್ಬ ಕೂಗುತ್ತಿದ್ದ. ಮಾತು ಒಂದೂ ತಿಳಿಯಲಿಲ್ಲ, ಎದೆ ಮಾತ್ರ ನಡುಗಿತು. ಭಯವೆಂದರೆ ಭಯ, ಭಕ್ತಿಯೆಂದರೆ ಭಕ್ತಿ. ಅಂಥದ್ದಕ್ಕೆ ಹೆವಿ ಮೆಟಲ್ ಎನ್ನುತ್ತಾರೆಂದು ಗೊತ್ತಾದದ್ದು ಬಹಳ ಕಾಲದ ಮೇಲೆ. ಅವತ್ತು ಗೊತ್ತಾದದ್ದು ಒಂದೇ — ನಮ್ಮ ತುಂತುಣಿಯ ಒಂಟಿ ತಂತಿಯನ್ನು ಬಿಗಿ ಸಡಿಲ ಮಾಡಿ ಇದನ್ನು ನುಡಿಸಬಹುದು! ಮನೆಗೆ ಹೋಗಿ ನುಡಿಸಿದೆ.

ಆ ವರ್ಷ ರಾಶಿ ಮುಗಿದ ಮೇಲೆ ಬಬಲೇಶ್ವರದಲ್ಲಿ ಹಾಡಿಕೆ ಇಟ್ಟಿದ್ದರು. ಮಧ್ಯಾಹ್ನ, ಬೇವಿನ ನೆರಳು. ಎದುರಿಗೆ ಸುಂದ್ರವ್ವನ ನಾಗೇಶಿ ಮೇಳ. ಪಕ್ಕದಲ್ಲಿ ತಾಳ ಹಿಡಿದು ಅವಳ ತಾಯಿ ತಂಗೆವ್ವ — ಕಣ್ಣು ಹೋಗಿದ್ದವು. ಮಗಳಿಗೆ ಹಾಡು ಕಲಿಸಿದ ಗುರುವೂ ಅವಳೇ. ನಾನು ಹೊಸ ಚಾಲಿ ಎತ್ತಿದೆ. ಗಂಡೆಂದರೆ ಕಬ್ಬಿಣ, ಮಣ್ಣು ಸೀಳುವ ನೇಗಿಲ ಕುಳ, ಎಂದೆಲ್ಲ. ಜನ ಸೀಟಿ ಹೊಡೆದರು. ಗೆದ್ದೆ ಎಂದು ಮೀಸೆ ತಿರುವಿದೆ.

ಆಮೇಲೆ ಸುಂದ್ರವ್ವ ಎದ್ದಳು. ದಪ್ಪು ಬಾರಿಸುವವನಿಗೆ ಸನ್ನೆ ಮಾಡಿ ನಿಧಾನಿಸಿದಳು. ನಾನು ಓಡಿಸಿದ್ದನ್ನು ಅವಳು ನಡೆಸಿದಳು — ಒಂದೊಂದು ಸ್ವರದ ಮೇಲೂ ನಿಂತು, ಭಾರ ಹಾಕಿ... “ಮಣ್ಣ ಸೀಳೂ ಕಬ್ಬಿಣ ಯಾವ ತಾಯಿ ಹೊಟ್ಟ್ಯಾಗ ಹುಟ್ಟಿತೋ ಅಣ್ಣಾ” ಎಂದು ಎಳೆದಾಗ, ಅಂಗಡಿಯ ಗೋಡೆ ನಡುಗಿಸಿದ ಅದೇ ಸದ್ದು, ಕರೆಂಟಿಲ್ಲದೆ, ಒಬ್ಬ ಹೆಂಗಸಿನ ಕೊರಳಿನಿಂದ ಬಂತು! ಸೋತೆನೆಂದು ಸಿಟ್ಟೂ ಬರಲಿಲ್ಲ. ಎಲ್ಲೋ ದೂರದ ಬಿಳಿಯ ಹುಡುಗರು ಕಟ್ಟಿದ್ದು ಇವಳಿಗಾಗಿಯೇ ಏನೋ ಅನಿಸಿತು. ಇವತ್ತಿಗೂ ಆ ರೆಕಾರ್ಡು ನೆನೆದರೆ ನನಗೆ ಕೇಳುವುದು ಅವಳ ದನಿ.

ಹಾಡಿಕೆ ಮುಗಿದು ನನ್ನೆದುರು ಬಂದು ನಿಂತಳು. “ಅಣ್ಣಾರ, ಈ ಚಾಲಿ ಯಾರ ಕಟ್ಟಿದ್ದರಿ?”

“ನಂದ. ಹೊಲದಾಗ ನಿಂತಾಗ ತಾನ ಹೊಳೀತು.”

ರೆಕಾರ್ಡಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಸುತ್ತ ಜನ ನಿಂತಿದ್ದರು, ಅಷ್ಟೇ. ಹೊಲದ ಮಾತು ಬೇರೆ ಸೇರಿಸಿದೆ — ನೇಗಿಲು ಮುಟ್ಟಿ ಎಷ್ಟು ಕಾಲವಾಗಿತ್ತೋ ಈ ಗುಮಾಸ್ತ!

ತಂಗೆವ್ವ ತೆಂಗಿನಕಾಯಿ ತರಿಸಿದಳು. ನಮ್ಮಲ್ಲಿ ಪದ್ಧತಿ ಹಾಗೆ. ಇನ್ನೊಬ್ಬರ ಚಾಲಿಯನ್ನು ಮುಂದೆಯೂ ಹಾಡಬೇಕೆಂದರೆ ಕಟ್ಟಿದವನಿಗೆ ಕಾಯಿ ಕೊಟ್ಟು ನಮಸ್ಕರಿಸಬೇಕು. ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಬರುವ ಕಡೆ ಅವನ ಹೆಸರು ಹೇಳಬೇಕು. ಅಲ್ಲಿ ಒಂದೇ ಹೆಸರಿಗೆ ಜಾಗ. ಸುಂದ್ರವ್ವನ ಎಲ್ಲ ಹಾಡುಗಳೂ ಅಲ್ಲಿಯವರೆಗೆ ‘ತಿಕೋಟಾ ತಂಗೆವ್ವ’ ಎಂದೇ ಮುಗಿಯುತ್ತಿದ್ದವು. ಅವಳು ಹಿಂದೆಮುಂದೆ ನೋಡಿದಳು.

“ಯವ್ವಾ, ನಿನ್ನ ಹೆಸರ ಬಿಡಲೇನ?”

“ಕೊಟ್ಟವರ ಹೆಸರ ಹೇಳದ ಹಾಡಿದ್ರ ಕಳವು ಆಗತೈತಿ, ಮಗಳ. ಬಿಡು ನನ್ನ ಹೆಸರ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಅದನ್ನೂ ಮಾಡಲಿಲ್ಲ. ನನಗಿಂತ ಹಿರಿಯಳಾದ ಸುಂದ್ರವ್ವ ಬಾಗಿ ಕಾಲು ಮುಟ್ಟಿದಳು. ಕಾಲು ಹಿಂದೆ ತೆಗೆಯಲಿಲ್ಲ. ಕಾಯಿ ತೆಗೆದುಕೊಂಡೆ.

ಅವಳ ಹಾಡುಗಳಲ್ಲೆಲ್ಲ ಜನ ಕೇಳಿ ಕೇಳಿ ಹಾಡಿಸಿಕೊಂಡದ್ದು ಅದನ್ನೇ. ‘ನಿಡೋಣಿ ಮಲ್ಲಣ್ಣ’ ಎಂದು, ನನ್ನ ಹೆಸರಿನಲ್ಲಿ, ಅದು ಮುಗಿಯುತ್ತದೆ. ಒಮ್ಮೆ ತಿಕೋಟಾದಲ್ಲಿ ನನ್ನನ್ನು ಕರೆಸಿ ಮುಂದೆ ಕೂಡಿಸಿದ್ದರು. ಕೊನೆಯ ನುಡಿ ಬಂದಾಗ ತಂಗೆವ್ವನನ್ನು ನೋಡಿದೆ — ತಾಳ ನಿಲ್ಲಿಸದೆ, ಮಗಳ ಜೊತೆ ಅವಳೂ ನನ್ನ ಹೆಸರು ಹೇಳುತ್ತಿದ್ದಳು. ಆಗಲೂ ನಾನು... ಇಲ್ಲ, ಆಗಲೂ ಹೇಳಲಿಲ್ಲ. ಕೆಲವು ವರ್ಷಕ್ಕೆ ಆ ತಾಯಿ ತೀರಿಕೊಂಡಳು. ಮಗಳ ಎಲ್ಲಕ್ಕಿಂತ ದೊಡ್ಡ ಹಾಡಿನಲ್ಲಿ ತನ್ನ ಹೆಸರನ್ನು ಅವಳು ಒಮ್ಮೆಯೂ ಕೇಳಲಿಲ್ಲ. ಅದನ್ನು ಅವಳಿಂದ ಕಸಿದವನು ನಾನು.

ಸುಂದ್ರವ್ವನಿಗೆ ಈಗ ಹಾಡುವ ದನಿ ಉಳಿದಿಲ್ಲ; ಶಿಷ್ಯೆಯರು ಹಾಡುತ್ತಾರೆ, ನನ್ನ ಹೆಸರಿನೊಂದಿಗೇ. ನಾಳೆ ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋಗುತ್ತೇನೆ. ಎಲ್ಲವನ್ನೂ ಹೇಳುತ್ತೇನೆ, ಅವಳ ಶಿಷ್ಯೆಯರ ಎದುರಿಗೇ. ಅವಳು ಉಗಿಯಲಿ, ಬಾಗಿಲು ಹಾಕಲಿ. ನಿನ್ನೆ ಒಬ್ಬನೇ ಕೂತು ಕೊನೆಯ ನುಡಿ ಹಾಡಿ ನೋಡಿದೆ, ನನ್ನ ಹೆಸರು ತೆಗೆದು ತಂಗೆವ್ವನ ಹೆಸರಿಟ್ಟು. ತಾಳ ಎಲ್ಲಿಯೂ ತಪ್ಪಲಿಲ್ಲ.